ಇನ್ನೂ ಒಂದು ವರ್ಷ ಬಾಕಿ

ಪರೀಕ್ಷೆ ಮತ್ತೆ ಮುಂದೂಡಿದ ಸುದ್ದಿ ಬಂದಾಗ ನಾನು ಲೈಬ್ರರಿಯಲ್ಲಿದ್ದೆ. ಬೇಸರಕ್ಕೆ ತೆರೆದ ಪುಸ್ತಕದಲ್ಲಿ ಹಾರ್ಲೊ ಶೇಪ್ಲಿ ಸಿಕ್ಕರು.

1885ರಲ್ಲಿ ಅಮೆರಿಕದ ಮಿಸೌರಿಯಲ್ಲಿ ಹುಟ್ಟಿದ ರೈತನ ಮಗ. ಸಣ್ಣ ಪತ್ರಿಕೆಯಲ್ಲಿ ಅಪರಾಧ ವರದಿಗಾರ. ಪತ್ರಿಕೋದ್ಯಮ ಓದಲು ಹೋದರೆ ಆ ವಿಭಾಗ ಶುರುವಾಗಲು ಇನ್ನೂ ಒಂದು ವರ್ಷ ಬಾಕಿ! ಕೋರ್ಸ್ ಪಟ್ಟಿಯಲ್ಲಿ ಮೊದಮೊದಲೇ ಕಂಡ ಆಸ್ಟ್ರಾನಮಿಗೆ ಸೇರಿದರಂತೆ.

ಮೌಂಟ್ ವಿಲ್ಸನ್ ವೀಕ್ಷಣಾಲಯದಲ್ಲಿ ಅವರು ಹಿಡಿದದ್ದು ಗೋಳಾಕಾರದ ನಕ್ಷತ್ರಗುಚ್ಛಗಳನ್ನು. (ಬಿಡುವಿನಲ್ಲಿ ಇರುವೆಗಳ ಓಟದ ವೇಗವನ್ನೂ ಅಳೆದರು!) ಲಕ್ಷಗಟ್ಟಲೆ ಹಳೇ ನಕ್ಷತ್ರಗಳ ಆ ಉಂಡೆಗಳು ಆಕಾಶದಲ್ಲಿ ಸಮನಾಗಿ ಹರಡಿಲ್ಲ, ಧನು ರಾಶಿಯತ್ತ ಮುತ್ತಿಕೊಂಡಿವೆ. ಹಾಗಾದರೆ ಆಕಾಶಗಂಗೆಯ ಕೇಂದ್ರ ಅಲ್ಲಿದೆ, ನಮ್ಮ ಸೂರ್ಯ ದೂರದ ಮೂಲೆಯಲ್ಲಿದ್ದಾನೆ ಎಂದು 1918ರಲ್ಲಿ ತೋರಿಸಿದರು.

ದೂರದ ಲೆಕ್ಕ ತಪ್ಪಿತ್ತು. ಸುಮಾರು 26 ಸಾವಿರ ಜ್ಯೋತಿರ್ವರ್ಷವನ್ನು ಅದರ ದುಪ್ಪಟ್ಟಿಗೂ ಹೆಚ್ಚು ಎಂದಿದ್ದರು. ನಡುವಿನ ದೂಳು ಬೆಳಕನ್ನು ತಡೆಯುವುದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ದಿಕ್ಕು ಮಾತ್ರ ಸರಿಯಿತ್ತು.

1972ರಲ್ಲಿ ತೀರಿಕೊಂಡರು. ಈಗ ಗುಚ್ಛಗಳ ಲೋಹಾಂಶ, ಕಕ್ಷೆ ಎರಡನ್ನೂ ನೋಡಿ ಅವುಗಳ ಹುಟ್ಟೂರು ಹೇಳುತ್ತಾರೆ. ಹಲವು ಇಲ್ಲಿಯವಲ್ಲ, ಆಕಾಶಗಂಗೆ ನುಂಗಿದ, ನುಂಗುತ್ತಿರುವ ಕುಬ್ಜ ಗ್ಯಾಲಕ್ಸಿಗಳವು. ಧನು ರಾಶಿಯ ಎಂ54 ಅಂಥದ್ದೇ.

ನಿನ್ನೆ ರಾತ್ರಿ ಮಹಡಿ ಹತ್ತಿ ದಕ್ಷಿಣಕ್ಕೆ ನೋಡಿದೆ. ಮೋಡ. ಇವತ್ತೂ ಹತ್ತಬೇಕು.