ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಮೊದಲಾದ ಊರುಗಳಿಂದ ವಿದ್ಯಾಭ್ಯಾಸಕ್ಕೆಂದು ಬರುವ ಹೆಣ್ಣುಮಕ್ಕಳು, ರಜೆ ತೀರಿ ಹಿಂದಿರುಗಿದ ದಿನ ಪೆಟ್ಟಿಗೆಯನ್ನು ತೆರೆಯುವುದಕ್ಕೆ ಮೊದಲೇ ದಾರಿಯ ಸುದ್ದಿಯನ್ನು ತೆರೆಯುವುದುಂಟು. ಕೋಳಿಗೂ ಟಿಕೀಟು ಬೇಕೆಂದ ಕಂಡಕ್ಟರನೊಡನೆ ವಾದ ಹೂಡಿದ ಮುದುಕಿ, ಬದನೆಕಾಯಿಯ ಬೆಲೆ ಕೇಳಿದವಳ ಕುಲಗೋತ್ರವನ್ನೆಲ್ಲ ವಿಚಾರಿಸಿದ ಸಂತೆಯ ವ್ಯಾಪಾರಿ, ಇಂಥವರನ್ನು ನೆನೆದು ನಾವು ಒಂದು ಗಳಿಗೆ ನಕ್ಕು ಮರೆತುಬಿಡುತ್ತೇವೆ. ಹಾಗೆ ಮರೆಯದೆ, ಆ ನಗೆಯ ಬೆನ್ನಿಗೇ ಇರುವ ಮನುಷ್ಯಜೀವವನ್ನು ಕಂಡು ಕಥೆಯಾಗಿಸಿದ ಮಹನೀಯರೊಬ್ಬರ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ಹೇಳುವೆವು.

ವೆಂಕಟೇಶ ಅಯ್ಯಂಗಾರ್ಯರು 1891ನೆಯ ಇಸವಿ ಜೂನ್ 6ನೆಯ ತಾರೀಖು ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನಲ್ಲಿ ಜನಿಸಿದರು. ಮನೆಯ ಮಾತು ತಮಿಳು. ಬಡತನದಲ್ಲಿ ಬೆಳೆದು, 1914ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಎಂ. ಎ. ಪದವಿಯನ್ನು ಆಂಗ್ಲ ಸಾಹಿತ್ಯದಲ್ಲಿ ಪಡೆದು, ಮೈಸೂರು ಸಿವಿಲ್ ಸರ್ವಿಸಿಗೆ ಸೇರಿ ಅಸಿಸ್ಟೆಂಟ್ ಕಮಿಷನರಾದರು.

ನಮ್ಮ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗೆಯ ಜಿಲ್ಲೆಗೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದ ಆ ಸಂಸ್ಥಾನದ ಕಾಲದಲ್ಲಿ, ರೆವಿನ್ಯೂ ಅಧಿಕಾರಿಯೆಂದರೆ ಊರೂರಿಗೆ ಸರ್ಕೀಟು ಹೋಗಿ ಮೊಕ್ಕಾಂ ಮಾಡತಕ್ಕವನು. ಅಹವಾಲು ತಂದ ರೈತನು ತನ್ನ ತಾತನ ಕಾಲದಿಂದ ಮೊದಲುಮಾಡುವನು. ವಿಷಯಕ್ಕೆ ಬರುವಷ್ಟರಲ್ಲಿ ಹೊತ್ತು ಮುಳುಗುವುದು. ಅವಸರದ ಅಧಿಕಾರಿಗೆ ಇದು ಕಾಲಹರಣ, ಕಿವಿಯುಳ್ಳವನಿಗೆ ದೊಡ್ಡ ಲಾಭ. ಈ ಅಧಿಕಾರಿಯು ಶ್ರೀನಿವಾಸ ಎಂಬ ಹೆಸರಿನಿಂದ ಕನ್ನಡದಲ್ಲಿ ಕಥೆ ಬರೆದರು. 1920ರಲ್ಲಿ ‘ಕೆಲವು ಸಣ್ಣ ಕಥೆಗಳು’ ಪ್ರಕಟವಾಯಿತು. ಪಂಜೆ ಮಂಗೇಶರಾಯರೇ ಮೊದಲಾದವರು ಮುಂಚೆಯೇ ಸಣ್ಣಕಥೆಗಳನ್ನು ಬರೆದಿದ್ದರೂ, ಕನ್ನಡ ಸಣ್ಣಕಥೆಗೆ ಗಟ್ಟಿಯಾದ ನೆಲೆ ದೊರೆತುದು ಇವರಿಂದಲೇ.

ರಂಗಪ್ಪನ ಮದುವೆಯ ಕಥೆಯನ್ನು ನೆನೆಯಿರಿ. ಹುಡುಗನು ಬೆಂಗಳೂರಿನಲ್ಲಿ ಇಂಗ್ಲಿಷು ಕಲಿತು ಹಳ್ಳಿಗೆ ಮರಳಿದನೆಂದು ಊರಿಗೆ ಊರೇ ನೋಡಲು ನೆರೆಯುವುದು. ಒಬ್ಬ ಮುದುಕಿಯಂತೂ ಅವನ ಎದೆಯನ್ನು ತಡವಿ ಜನಿವಾರವಿದೆಯೆಂದು ನಿಶ್ಚಯಿಸಿಕೊಂಡ ಮೇಲೆಯೇ ಸಮಾಧಾನ ಹೊಂದುವಳು. ಇಂಥ ಮುದುಕಿಯು ಯಾವ ಊರಿನಲ್ಲಿ ಇರಲಿಲ್ಲ? ಆದರೆ ಆ ಕಥೆಯ ಮದುಮಗಳಾದ ರತ್ನಳಿಗೆ ಹನ್ನೊಂದೇ ವರ್ಷ. ಹೆಣ್ಣುಮಕ್ಕಳ ಶಾಲೆಯಲ್ಲಿ ಓದಿದ ನಾವು ಅಲ್ಲಿಗೆ ಬಂದಾಗ ಪೂರ್ತಿಯಾಗಿ ನಗಲಾರೆವು; ಇದನ್ನು ಮುಚ್ಚಿಡುವುದು ಸರಿಯಲ್ಲವೆಂದು ತೋರುತ್ತದೆ.

ನಮಗೆ ಹೆಚ್ಚು ಪ್ರಿಯವಾದುದು ‘ಮೊಸರಿನ ಮಂಗಮ್ಮ’. ಹಳ್ಳಿಯಿಂದ ಬೆಂಗಳೂರಿಗೆ ಮೊಸರು ಮಾರಲು ಬರುವ ಮುದುಕಿ ಮಂಗಮ್ಮ. ಕಥೆಯನ್ನು ಹೇಳುವವಳು ಅವಳಿಂದ ಮೊಸರು ಕೊಳ್ಳುವ ಗೃಹಿಣಿ. ಮೊಮ್ಮಗನನ್ನು ಸೊಸೆ ಹೊಡೆದಳೆಂಬುದರಿಂದ ಜಗಳ ಹುಟ್ಟಿ, ಮಂಗಮ್ಮನು ಮಗನಿಂದ ಬೇರೆಯಾಗುತ್ತಾಳೆ. ಕೂಡಿಟ್ಟ ಹಣ ಇನ್ನಾರಿಗೆಂದು ಮಖಮಲ್ಲಿನ ರವಿಕೆಯನ್ನು ಹೊಲಿಸಿ ತೊಡುತ್ತಾಳೆ. ಮುದುಕಿಗೆ ಮಖಮಲ್ಲು! ಜನರು ಆಡಿಕೊಂಡು ನಗುತ್ತಾರೆ, ಓದುವ ನಾವೂ ನಗುತ್ತೇವೆ. ಮತ್ತೊಬ್ಬ ಲೇಖಕನಾಗಿದ್ದರೆ ಅಲ್ಲಿಗೇ ಕಥೆ ಮುಗಿಯುತ್ತಿತ್ತು. ಅಯ್ಯಂಗಾರ್ಯರಾದರೋ ಆ ರವಿಕೆಯ ಒಳಗೆ ಏನಿದೆಯೆಂದು ನೋಡಿದರು. ಒಂಟಿತನವಿದೆ, ಮೊಮ್ಮಗನಿಗಾಗಿ ಹಂಬಲಿಸುವ ಕರುಳಿದೆ, ತನ್ನ ಮನೆಯಲ್ಲಿ ತನ್ನ ಮಾತು ನಡೆಯದಾಯಿತೆಂಬ ಸಂಕಟವಿದೆ. ಸೊಸೆಯ ಪಕ್ಷದಲ್ಲಿಯೂ ನ್ಯಾಯವುಂಟೆಂಬುದನ್ನು ಅವರು ಮರೆಯಲಿಲ್ಲ. ಕಡೆಗೆ ಮನೆ ಒಂದಾಗುವುದು ಆ ಪುಟ್ಟ ಮೊಮ್ಮಗನ ಮೂಲಕ. ಅತ್ತೆಸೊಸೆಯರಿಬ್ಬರನ್ನೂ ಅವಮಾನಿಸದೆ ಅವರ ಜಗಳವನ್ನು ಬರೆಯುವುದು ಎಷ್ಟು ಕಷ್ಟವೆಂಬುದನ್ನು ಸಂಸಾರಸ್ಥರಾದ ವಾಚಕಿಯರಿಗೆ ಬಿಡಿಸಿ ಹೇಳಬೇಕಾದುದಿಲ್ಲ.

ಪರರ ಮಾನವನ್ನು ಹೀಗೆ ಕಾಪಾಡಿದವರು ಸ್ವಂತ ಮಾನದ ವಿಷಯದಲ್ಲಿಯೂ ದೃಢರಾಗಿದ್ದರು. ತಮಗಿಂತ ಕಿರಿಯ ಅಧಿಕಾರಿಯೊಬ್ಬರಿಗೆ ಮೇಲಿನ ಸ್ಥಾನವನ್ನು ಕೊಟ್ಟಾಗ, 1943ರಲ್ಲಿ ಕೆಲಸಕ್ಕೆ ರಾಜೀನಾಮೆ ಕೊಟ್ಟು ಹೊರಬಂದರು. ಅನಂತರ ‘ಜೀವನ’ ಪತ್ರಿಕೆಯನ್ನು ಬಹುಕಾಲ ನಡೆಯಿಸಿದರು. 1968ರಲ್ಲಿ ಸಣ್ಣಕಥೆಗಳಿಗೆ ಸಾಹಿತ್ಯ ಅಕಾಡೆಮಿಯ ಬಹುಮಾನ, 1983ರಲ್ಲಿ ‘ಚಿಕವೀರ ರಾಜೇಂದ್ರ’ ಕಾದಂಬರಿಗಾಗಿ ಜ್ಞಾನಪೀಠ ಪ್ರಶಸ್ತಿ ಸಂದುವು. ಇಷ್ಟೆಲ್ಲ ಗೌರವ ಬಂದರೂ, ಸಂಜೆಯಾದರೆ ಕೋಟು ತೊಟ್ಟು ಕೊಡೆ ಹಿಡಿದು ಬಸವನಗುಡಿಯ ಕ್ಲಬ್ಬಿಗೆ ಇಸ್ಪೀಟಾಡಲು ಹೋಗುವ ವಾಡಿಕೆಯನ್ನು ಅವರು ಬಿಡಲಿಲ್ಲ.

1986ನೆಯ ಇಸವಿ ಜೂನ್ 6ನೆಯ ತಾರೀಖು, ತೊಂಬತ್ತೈದು ವರ್ಷಗಳು ತುಂಬಿದ ಹುಟ್ಟುಹಬ್ಬದ ದಿನವೇ, ಬೆಂಗಳೂರಿನಲ್ಲಿ ಕಾಲವಾದರು.