ತ್ರಿಶಂಕುವಿನ ಸ್ವರ್ಗಕ್ಕೆ ಯಂತ್ರ ಬೇಕಿರಲಿಲ್ಲ: ದೇವುಡು ಕಂಡ ಅದ್ಭುತ ಲೋಕ

ಚಾಮರಾಜಪೇಟೆ ಮತ್ತು ಬಸವನಗುಡಿಗಳಿಗೆ ನೆರೆಯಾದ ವಿಶ್ವೇಶ್ವರಪುರಂ, ಕನ್ನಡನಾಡು ಕಂಡ ಮಹಾ ಎಂಜಿನಿಯರೊಬ್ಬರ ಹೆಸರನ್ನು ಹೊತ್ತ ಬಡಾವಣೆ. ಅಣೆಕಟ್ಟು, ಕಾರ್ಖಾನೆ, ವಿದ್ಯುತ್ತುಗಳ ಕನಸು ಕಾಣುತ್ತಿದ್ದ ಇದೇ ಬೆಂಗಳೂರಿನಲ್ಲಿ ಬದುಕುತ್ತ, ಋಷಿಗಳ ಹಾಗೂ ದೇವಲೋಕದ ಕಥೆಗಳನ್ನು ಕಾದಂಬರಿಗಳನ್ನಾಗಿಸಿದವರು ದೇವುಡು ನರಸಿಂಹ ಶಾಸ್ತ್ರಿ.

1896ರ ಡಿಸೆಂಬರ್ 29ರಂದು ಮೈಸೂರಿನಲ್ಲಿ ಜನಿಸಿದ ದೇವುಡು, ಸಂಸ್ಕೃತ ಮತ್ತು ತತ್ತ್ವಶಾಸ್ತ್ರಗಳಲ್ಲಿ ಪಾಂಡಿತ್ಯ ಗಳಿಸಿದರು. ಅಧ್ಯಾಪನ, ಪತ್ರಿಕೋದ್ಯಮ, ರಂಗಭೂಮಿ, ಚಲನಚಿತ್ರ ಹೀಗೆ ಹಲವು ಕ್ಷೇತ್ರಗಳಲ್ಲಿ ಕೈಯಾಡಿಸಿದರು. ಮಕ್ಕಳಿಗಾಗಿ ಕಥೆಗಳನ್ನು ಬರೆದರು. ಮನಸ್ಸಿನ ಒಳಹರಿವನ್ನೇ ವಸ್ತುವಾಗಿಸಿಕೊಂಡ 'ಅಂತರಂಗ' ಕಾದಂಬರಿಯಿಂದ ಹೊಸ ದಾರಿ ತೆರೆದರು. ಆದರೆ ಅವರಿಗೆ ಶಾಶ್ವತ ಕೀರ್ತಿ ತಂದದ್ದು 'ಮಹಾಬ್ರಾಹ್ಮಣ', 'ಮಹಾಕ್ಷತ್ರಿಯ', 'ಮಹಾದರ್ಶನ' ಎಂಬ ಮೂರು ಕೃತಿಗಳು.

'ಮಹಾಬ್ರಾಹ್ಮಣ'ದ ನಾಯಕ ವಿಶ್ವಾಮಿತ್ರ. ತ್ರಿಶಂಕುವನ್ನು ಸಶರೀರನಾಗಿ ಸ್ವರ್ಗಕ್ಕೆ ಕಳುಹಿಸಿ, ದೇವತೆಗಳು ತಳ್ಳಿದಾಗ ಅವನನ್ನು ನಡುವೆಯೇ ನಿಲ್ಲಿಸಿದವನೆಂದು ಪುರಾಣ ಹೇಳುತ್ತದೆ. ವೈಜ್ಞಾನಿಕ ಕಥೆಗಾರನಾಗಿದ್ದರೆ ತ್ರಿಶಂಕು ಯಾವ ವಾಹನದಲ್ಲಿ ಏರಿದ, ಯಾವ ಬಲ ಅವನನ್ನು ಬೀಳದಂತೆ ಹಿಡಿದಿತ್ತು ಎಂದು ಕೇಳಬೇಕಾಗುತ್ತಿತ್ತು. 1870ರಲ್ಲಿ ಜೂಲ್ಸ್ ವೆರ್ನ್ ತನ್ನ ಜಲಾಂತರ್ಗಾಮಿ ನೌಕೆಗೆ ವಿದ್ಯುತ್ತಿನ ಆಧಾರ ಕೊಟ್ಟದ್ದು ಈ ಕಾರಣಕ್ಕೇ. ಅದ್ಭುತ ಕಥೆ ಕೇಳುವ ಪ್ರಶ್ನೆ ಬೇರೆ. ಯಾವ ಪುಣ್ಯದಿಂದ ಏರಿದ, ಅದಕ್ಕೆ ತೆತ್ತ ಬೆಲೆ ಏನು ಎಂಬುದು ಅದರ ವಿಚಾರ. ಹಾಗೆಂದು ಅಲ್ಲಿ ನಿಯಮಗಳಿಲ್ಲವೆಂದಲ್ಲ. ತಪಸ್ಸು ಗಳಿಸಿದಷ್ಟೇ ವೆಚ್ಚವಾಗುತ್ತದೆ. ಕೋಪ ಬಂದರೆ ಕರಗಿಹೋಗುತ್ತದೆ. ಈ ಲೆಕ್ಕ ತಪ್ಪಿದರೆ ಓದುಗನ ನಂಬಿಕೆಯೂ ತಪ್ಪುತ್ತದೆ.

'ಮಹಾಕ್ಷತ್ರಿಯ'ದ ನಹುಷನೂ ಇಂಥ ಲೋಕದವನೇ. ಮನುಷ್ಯನಾಗಿದ್ದು ಇಂದ್ರಪದವಿಗೇರಿ, ಸಪ್ತರ್ಷಿಗಳಿಂದ ಪಲ್ಲಕ್ಕಿ ಹೊರಿಸಿ, ಶಾಪದಿಂದ ಹಾವಾಗಿ ಬಿದ್ದವನ ಕಥೆ ಅದು. ಬಿದ್ದವನನ್ನೇ ದೇವುಡು ಮಹಾಕ್ಷತ್ರಿಯನೆಂದು ಕರೆದರು. ಹೆಚ್ಚುಕಡಿಮೆ ಇದೇ ಕಾಲದಲ್ಲಿ, 1954-55ರಲ್ಲಿ, ಇಂಗ್ಲೆಂಡಿನ ಟೋಲ್ಕಿನ್ ಉಂಗುರವೊಂದರ ಕಥೆಯ ಮೂಲಕ ಅಧಿಕಾರದ ಮೋಹವನ್ನೇ ಶೋಧಿಸುತ್ತಿದ್ದರು. ಅವರು ತಮ್ಮ ಲೋಕವನ್ನು ಹೊಸದಾಗಿ ಕಟ್ಟಬೇಕಾಯಿತು. ದೇವುಡು ಅವರಿಗೆ ಆ ಲೋಕ ಅಜ್ಜಿಯ ಕಥೆಗಳಲ್ಲಿ, ಹರಿಕಥೆಗಳಲ್ಲಿ ಸಿದ್ಧವಾಗಿಯೇ ಇತ್ತು. ಅದು ಬರಿಯ ಕಲ್ಪನೆಯೆಂದು ಅವರೂ ಬಗೆಯಲಿಲ್ಲ, ಅವರ ಓದುಗರೂ ಬಗೆಯಲಿಲ್ಲ. ಪಾಶ್ಚಾತ್ಯ ಫ್ಯಾಂಟಸಿಗೂ ನಮ್ಮ ಪೌರಾಣಿಕ ಕಾದಂಬರಿಗೂ ಇರುವ ಮುಖ್ಯ ಅಂತರ ಇದು.

ಈ ಗೆರೆ ಅಳಿಸಿದರೆ ಏನಾಗುತ್ತದೆ ಎಂಬುದಕ್ಕೂ ಬೆಂಗಳೂರಿನ ಆಸುಪಾಸಿನಲ್ಲೇ ನಿದರ್ಶನವಿದೆ. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು 1918ರಿಂದ 1923ರವರೆಗೆ ಹೇಳಿ ಬರೆಯಿಸಿದ 'ವೈಮಾನಿಕ ಶಾಸ್ತ್ರ', ಭರದ್ವಾಜ ಮಹರ್ಷಿಗಳ ವಿಮಾನವಿದ್ಯೆ ಎನಿಸಿಕೊಂಡಿತು. ಯಂತ್ರವೆಂದು ಹೇಳಿದ ಮೇಲೆ ಪರೀಕ್ಷೆ ಅನಿವಾರ್ಯ. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿಜ್ಞಾನಿಗಳು ಅದನ್ನು ಪರಿಶೀಲಿಸಿ, ಗ್ರಂಥ ಪ್ರಾಚೀನವಲ್ಲ, ಅದರಲ್ಲಿ ವರ್ಣಿಸಿದ ವಿಮಾನಗಳು ಹಾರಲಾರವು ಎಂದು ತೀರ್ಮಾನಿಸಿದರು. ದೇವುಡು ಅವರ ಸ್ವರ್ಗಕ್ಕೆ ಅಂಥ ಪರೀಕ್ಷೆಯ ಭಯವಿಲ್ಲ. ಅದು ಎಂಜಿನಿಯರನ ಒಪ್ಪಿಗೆಯನ್ನು ಕೇಳಲೇ ಇಲ್ಲ.

1962ರ ಅಕ್ಟೋಬರ್ 27ರಂದು ದೇವುಡು ನಿಧನರಾದರು. 'ಮಹಾಕ್ಷತ್ರಿಯ'ಕ್ಕೆ ಆ ವರ್ಷದ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಮರಣೋತ್ತರವಾಗಿ ಸಂದಿತು. ಅವರ 'ಮಯೂರ' ಕಾದಂಬರಿ 1975ರಲ್ಲಿ ಡಾ. ರಾಜ್‌ಕುಮಾರ್ ಅಭಿನಯದ ಚಿತ್ರವಾಗಿ ಮನೆಮಾತಾಯಿತು. ಪುರಾಣದಲ್ಲಿ ವಿಜ್ಞಾನವನ್ನು ಹುಡುಕುವ ಉತ್ಸಾಹ ಇಂದಿಗೂ ಕಡಿಮೆಯಾಗಿಲ್ಲ. ಪುರಾಣದಲ್ಲಿ ಮನುಷ್ಯನನ್ನು ಹುಡುಕಿದ ದೇವುಡು ಅವರನ್ನು ಮತ್ತೆ ಓದಲು ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.