ನಮ್ಮ ಊರ ಕಲ್ಲುಗಳನ್ನು ಓದಿಸಿದ ರೈಸ್ ಸಾಹೇಬರು

ಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಒಬ್ಬ ಮಹನೀಯರ ಪರಿಚಯ ಬರೆದುಕೊಡಬೇಕೆಂದು ಸಮಿತಿಯವರು ಕೇಳಿದಾಗ, ಇತಿಹಾಸದ ಮೇಷ್ಟ್ರಾದ ನನಗೆ ಮೊದಲು ನೆನಪಾದವರು ಬೆಂಜಮಿನ್ ಲೂಯಿಸ್ ರೈಸ್. ಹೋಬಳಿಗೊಂದು ಶಾಲೆ ಬೇಕೆಂದು ಯೋಜನೆ ಸಲ್ಲಿಸಿದವರು ಅವರು. ನಮ್ಮ ಜಿಲ್ಲೆಯ ಶಾಸನಗಳನ್ನು ಓದಿಸಿ ಅಚ್ಚು ಹಾಕಿಸಿದವರೂ ಅವರೇ.

ರೈಸ್ 1837ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದರು. ತಂದೆ ಲಂಡನ್ ಮಿಷನ್ನಿನ ಪಾದ್ರಿ. ಇಂಗ್ಲೆಂಡಿನಲ್ಲಿ ಓದು ಮುಗಿಸಿ, 1860ರಲ್ಲಿ ಬೆಂಗಳೂರು ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿ ಬಂದರು. ಆಗ ಮೈಸೂರು ಸೀಮೆ ಬ್ರಿಟಿಷ್ ಕಮಿಷನರ ಕೈಯಲ್ಲಿತ್ತು. ರೈಸ್ ಆಳುವವರ ಕಡೆಯವರು. ಆದರೆ ಹುಟ್ಟಿದ ಮಣ್ಣು ನಮ್ಮದು. ಈ ಎರಡರ ನಡುವೆಯೇ ಅವರ ಬದುಕು ಸಾಗಿತು. 1868ರಲ್ಲಿ ವಿದ್ಯಾ ಇಲಾಖೆಯ ನಿರ್ದೇಶಕರಾಗಿ ಹೋಬಳಿ ಶಾಲೆಗಳ ಯೋಜನೆಯನ್ನು ಮುಂದಿಟ್ಟರು. ಪೇಟೆಗೆ ಹೋಗಿ ಓದಲಾರದ ರೈತರ ಮಕ್ಕಳಿಗೆ ಕನ್ನಡದಲ್ಲಿ ಅಕ್ಷರ ಕಲಿಯುವ ದಾರಿ ಇದರಿಂದ ತೆರೆಯಿತು.

ಶಾಲೆಗಳ ತಪಾಸಣೆಗೆಂದು ಸೀಮೆ ಸುತ್ತುವಾಗ ಶಾಸನಗಳು ಅವರ ಗಮನ ಸೆಳೆದವು. 1886ರಲ್ಲಿ ಆರಂಭವಾದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಮಾಲೆಯ 12 ಸಂಪುಟಗಳಲ್ಲಿ ಸುಮಾರು 9,000 ಶಾಸನಗಳನ್ನು ಪ್ರಕಟಿಸಿದರು. ಪಂಪನ ಭಾರತವನ್ನು 1898ರಲ್ಲಿ ಅಚ್ಚಿಗೆ ತಂದವರೂ ಅವರೇ.

ಆ ಮಾಲೆಯ 12ನೆಯ ಸಂಪುಟ ತುಮಕೂರು ಜಿಲ್ಲೆಯದು, ಹೊರಬಂದದ್ದು 1904ರಲ್ಲಿ. ತುಮಕೂರು, ಗುಬ್ಬಿ, ಕುಣಿಗಲ್ ಎಂದು ತಾಲ್ಲೂಕುವಾರು ಸಂಖ್ಯೆ ಕೊಟ್ಟು, ಯಾವ ಊರಿನ ಯಾವ ಜಾಗದ ಕಲ್ಲೆಂದು ಅದರಲ್ಲಿ ಗುರುತಿಸಿದ್ದಾರೆ. ಆಳುವವರಿಗೆ ಇಂಗ್ಲಿಷ್ ಅನುವಾದವಿದೆ, ನಮಗೆ ಕನ್ನಡ ಲಿಪಿಯಲ್ಲೇ ಮೂಲಪಾಠವಿದೆ. ಗುಬ್ಬಿ ತಾಲ್ಲೂಕಿನ ಕಡಬದ ರಾಷ್ಟ್ರಕೂಟರ ತಾಮ್ರಪಟವೂ ಅಲ್ಲಿದೆ. ತುಮಕೂರಿನ ಪಕ್ಕದ ಕೈದಾಳ ಎಂದರೆ ನಮಗೆಲ್ಲ ಜಕಣಾಚಾರಿಯ ಕಥೆ ನೆನಪಾಗುತ್ತದೆ. ಅಲ್ಲಿನ ಶಾಸನವಾದರೋ 12ನೆಯ ಶತಮಾನದ ಸಾಮಂತ ಬಾಚಿಯ ವಿಷಯ ಹೇಳುತ್ತದೆ. ಶಿವನಿಗೂ ವಿಷ್ಣುವಿಗೂ ಜಿನನಿಗೂ ಗುಡಿ ಕಟ್ಟಿಸಿದ ದೊರೆ ಅವನು. ಕಥೆ ಸುಳ್ಳೆಂದು ನಾನು ಮಕ್ಕಳಿಗೆ ಹೇಳುವುದಿಲ್ಲ. ಕಥೆಯ ಪಕ್ಕದಲ್ಲಿ ಕಲ್ಲಿನ ಸಾಕ್ಷಿಯನ್ನೂ ಇಡುತ್ತೇನೆ.

ಇನ್ನೊಂದು ಮಾತನ್ನು ಹೇಳಲೇಬೇಕು. ಈ ಸಂಪುಟಗಳೆಂದರೆ ಜನ ಹೇಳುವುದು ರೈಸರ ಹೆಸರೊಂದನ್ನೇ. ಹಳಗನ್ನಡ, ಸಂಸ್ಕೃತ ಬಲ್ಲ ನಮ್ಮ ಪಂಡಿತರ ನೆರವಿಲ್ಲದೆ ಇಷ್ಟು ದೊಡ್ಡ ಕೆಲಸ ಆಗುತ್ತಿರಲಿಲ್ಲ. ಅಧಿಕಾರ ರೈಸರದು, ಪಾಂಡಿತ್ಯದಲ್ಲಿ ಇವರದೂ ಪಾಲಿತ್ತು. 1906ರಲ್ಲಿ ರೈಸ್ ನಿವೃತ್ತರಾದಾಗ, ಅವರ ಸಹಾಯಕರಾಗಿದ್ದ ‘ಕರ್ನಾಟಕ ಕವಿಚರಿತೆ’ಯ ಆರ್. ನರಸಿಂಹಾಚಾರ್ಯರು ಆ ಇಲಾಖೆಯ ಹೊಣೆ ಹೊತ್ತರು. ಅವರನ್ನು ಮರೆತು ರೈಸರನ್ನಷ್ಟೇ ಹೊಗಳಿದರೆ ಅರ್ಧ ಸತ್ಯ ಹೇಳಿದಂತೆ. ಪರದೇಶದವರೆಂದು ರೈಸರನ್ನು ದೂರವಿಟ್ಟರೂ ಅಷ್ಟೇ.

ರೈಸ್ 1927ರಲ್ಲಿ ಇಂಗ್ಲೆಂಡಿನಲ್ಲಿ ತೀರಿಕೊಂಡರು. ಅವರು ಅಚ್ಚು ಹಾಕಿಸಿದ್ದು ಅಕ್ಷರಗಳನ್ನು. ಕಲ್ಲುಗಳು ಇರುವುದು ನಮ್ಮ ಹೊಲ, ಕೆರೆ ಏರಿ, ಗುಡಿಗಳಲ್ಲಿ. ಅವು ಬಟ್ಟೆ ಒಗೆಯುವ ಕಲ್ಲಾಗದಂತೆ, ಪಾಯಕ್ಕೆ ಹೋಗದಂತೆ, ಬಣ್ಣ ಬಳಿಸಿಕೊಳ್ಳದಂತೆ ಕಾಯಬೇಕಾದವರು ಊರಿನವರೇ. ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ: ನಿಮ್ಮ ಊರಿನ ಕಲ್ಲನ್ನು ಒಮ್ಮೆ ನಿಮ್ಮ ಮಕ್ಕಳಿಗೆ ತೋರಿಸಿ.